ಪಟ್ಟೆ ಸಿಕ್ಕಿದ ಮೇಲೆ

2024ರ ಮಾರ್ಚಿನಲ್ಲಿ ಊರಿನಿಂದ ಚಿಕ್ಕಪ್ಪ ವಾಟ್ಸಾಪಿನಲ್ಲಿ ಒಂದು ಪಿಡಿಎಫ್ ಕಳಿಸಿದರು. ಅಜ್ಜನ ಜಾಗ ಮಾರುವುದಕ್ಕೆ ಬೇಕಾದ ಪವರ್ ಆಫ್ ಅಟಾರ್ನಿಯ ಕರಡು. ಅಪ್ಪ ತೀರಿಹೋಗಿರುವುದರಿಂದ ಅವರ ಪಾಲಿಗೆ ನನ್ನ ಸಹಿ ಬೇಕು. ಜೊತೆಗೆ ಒಂದು ಹಳೆಯ ಕಾಗದದ ಫೋಟೊ ಇತ್ತು. ಮಡಿಕೆಯಲ್ಲಿ ಹರಿದು, ಹಿಂದಿನಿಂದ ಟೇಪು ಹಚ್ಚಿದ್ದು. ಎರಡೂ ಮಲಯಾಳದಲ್ಲಿದ್ದವು. ನಾನು ಹುಟ್ಟಿದ್ದು ಕೇರಳದಲ್ಲಿ, ಹತ್ತನೇ ತರಗತಿಯವರೆಗೆ ಓದಿದ್ದು ಕೇರಳ ಸರಕಾರದ ಪಠ್ಯಪುಸ್ತಕಗಳನ್ನೇ. ಆದರೆ ಕನ್ನಡ ಮಾಧ್ಯಮ. ಮಲಯಾಳ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ.

ಮಹಾಪೆಯ ನಮ್ಮ ಆಫೀಸಿನಲ್ಲಿ ತೃಶ್ಶೂರಿನ ಹುಡುಗಿಯೊಬ್ಬಳಿದ್ದಾಳೆ. ಊಟದ ಹೊತ್ತಿನಲ್ಲಿ ಅವಳಿಗೆ ಮೊಬೈಲ್ ಕೊಟ್ಟೆ. ಕರಡನ್ನು ಸರಸರ ಓದಿ ಹೇಳಿದಳು. ಹಳೆಯ ಕಾಗದ ಬಂದಾಗ ಮಾತ್ರ ಚಿತ್ರ ದೊಡ್ಡದು ಮಾಡಿ ನೋಡಿ, "ಸರ್, ಇದು ಲ್ಯಾಂಡ್ ಟ್ರಿಬ್ಯೂನಲ್ ಕೊಟ್ಟದ್ದು. ನಿಮ್ಮಜ್ಜ ಕಮ್ಯುನಿಸ್ಟಾ?" ಎಂದು ಕೇಳಿದಳು.

ಹೌದೆನ್ನಲೂ ಆಗಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ನಮ್ಮೂರು ಮಂಜೇಶ್ವರ ತಾಲೂಕಿನ ಪೈವಳಿಕೆ ಕಡೆ. ಉಪ್ಪಳದಲ್ಲಿ ಇಳಿದು ಬಾಯಾರು ರಸ್ತೆ ಹಿಡಿದರೆ ಗುಡ್ಡದ ಬದಿಯಲ್ಲಿ ಒಂದೂವರೆ ಎಕರೆ. ಕೆಳಗೆ ಸ್ವಲ್ಪ ಅಡಿಕೆ, ಮೇಲೆ ತೆಂಗು, ಅದಕ್ಕಿಂತ ಮೇಲೆ ಮುರಕಲ್ಲು. ಅಜ್ಜ ಅದರಲ್ಲಿ ಗೇಣಿಗೆ ಕೂತವರು. ಧಣಿಗಳ ಮನೆಗೆ ವರ್ಷಕ್ಕಿಷ್ಟು ಮುಡಿ ಅಕ್ಕಿ ಹೊರಬೇಕು. ಕೊಡದಿದ್ದರೆ, ಅಥವಾ ಧಣಿಗಳಿಗೆ ಮನಸ್ಸು ಬದಲಾದರೆ, ಎದ್ದು ಹೋಗಬೇಕು. ಅಜ್ಜಿ ಹೇಳುತ್ತಿದ್ದ ಒಂದು ಮಾತು ನನಗೆ ಈಗಲೂ ನೆನಪಿದೆ: ಅವರು ಮದುವೆಯಾಗಿ ಬಂದ ಮೇಲೆ ಎಷ್ಟೋ ವರ್ಷ ಆ ಜಾಗದಲ್ಲಿ ಒಂದು ತೆಂಗಿನ ಸಸಿಯನ್ನೂ ನೆಡಲಿಲ್ಲವಂತೆ. ತೆಂಗು ಫಲ ಕೊಡಲು ಆರೇಳು ವರ್ಷ ಬೇಕು. ಅಷ್ಟು ವರ್ಷ ಅಲ್ಲಿರುತ್ತೇವೆಂದು ಯಾರಿಗೆ ಗೊತ್ತು? ಬಸಳೆ, ಹರಿವೆ, ಸೌತೆ, ಒಂದೇ ಮಳೆಗಾಲದಲ್ಲಿ ಮುಗಿಯುವಂಥದನ್ನೇ ಬೆಳೆದರು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಅಲ್ಲಿಯವರೆಗೆ ಅದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಕಯ್ಯಾರ ಕಿಞ್ಞಣ್ಣ ರೈಗಳಂಥವರು ಜೀವಮಾನವೆಲ್ಲ ಹೋರಾಡಿದ್ದು ಆ ದಿನದ ನೋವಿಗಾಗಿ. 1957ರ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾಯರು ಪಕ್ಷೇತರರಾಗಿ ಅವಿರೋಧ ಆಯ್ಕೆಯಾದರು. ಎದುರು ನಿಲ್ಲುವವರೇ ಇರಲಿಲ್ಲ ಅಂದರೆ ಕನ್ನಡದ ಕಾವು ಎಷ್ಟಿತ್ತೆಂದು ಊಹಿಸಿಕೊಳ್ಳಬಹುದು. ಆಮೇಲೆ ಕರ್ನಾಟಕ ಸಮಿತಿಯ ಕೆ. ಮಹಾಬಲ ಭಂಡಾರಿಯವರು ಬಂದರು. ಮಹಾಜನ ಆಯೋಗ 1967ರ ವರದಿಯಲ್ಲಿ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿತು. ಆ ವರದಿ ಎಲ್ಲಿದೆಯೋ ಅಲ್ಲೇ ಇದೆ. ಮುಂಬಯಿಯ ಕನ್ನಡ ಸಭೆಗಳಲ್ಲಿ ನಾವು ಈ ಕತೆಯನ್ನು ಬೇಕಾದಷ್ಟು ಸಲ ಕೇಳಿದ್ದೇವೆ. ನಾನೂ ಹೇಳಿದ್ದೇನೆ, ಗಂಟಲು ಕಟ್ಟಿಸಿಕೊಂಡೇ ಹೇಳಿದ್ದೇನೆ.

ಸಭೆಗಳಲ್ಲಿ ಹೇಳದ ಇನ್ನೊಂದು ಭಾಗವಿದೆ. 1957ರ ಏಪ್ರಿಲ್ 5ರಂದು ತಿರುವನಂತಪುರದಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಸರಕಾರ ಅಧಿಕಾರಕ್ಕೆ ಬಂತು. ಅವರು ಗೆದ್ದದ್ದು ದೂರದಲ್ಲೆಲ್ಲೋ ಅಲ್ಲ, ಇಂದಿನ ಕಾಸರಗೋಡು ಜಿಲ್ಲೆಯ ನೀಲೇಶ್ವರದಿಂದ. 126 ಸ್ಥಾನಗಳಲ್ಲಿ ಪಕ್ಷಕ್ಕೆ 60, ಜೊತೆಗೆ ಪಕ್ಷೇತರರ ಬೆಂಬಲ. ಒಂದು ವಾರ ತುಂಬುವ ಮೊದಲೇ, ಏಪ್ರಿಲ್ 11ರಂದು, ಒಕ್ಕಲನ್ನು ಎಬ್ಬಿಸಬಾರದೆಂದು ಸುಗ್ರೀವಾಜ್ಞೆ ಹೊರಡಿಸಿದರು. ನಮ್ಮ ಗುಡ್ಡಕ್ಕೆ ಆ ಸುದ್ದಿ ಯಾವ ದಾರಿಯಿಂದ ಬಂತೋ ತಿಳಿಯದು. ಅಜ್ಜಿಯ ಲೆಕ್ಕದಲ್ಲಿ ಅದು "ಮಾಡಿಗೆ ಹೊಸ ಮುಳಿಹುಲ್ಲು ಹೊದೆಸಿದ ವರ್ಷ". ಅದಕ್ಕೆ ಮೊದಲೆಲ್ಲ ಸೋರುವ ಕಡೆ ಮಾತ್ರ ತೇಪೆ ಹಾಕುತ್ತಿದ್ದರಂತೆ.

ಆ ಸರಕಾರವನ್ನು 1959ರ ಜುಲೈ 31ರಂದು ಕೇಂದ್ರ ವಜಾ ಮಾಡಿತು. ಭೂಮಿಯ ಕಾನೂನು ಮುಗ್ಗರಿಸುತ್ತ, ಕೋರ್ಟು ಹತ್ತಿ ಇಳಿಯುತ್ತ, 1963ರಲ್ಲೊಂದು ರೂಪ ಪಡೆದು, 1969ರ ತಿದ್ದುಪಡಿಯಲ್ಲಿ ಗಟ್ಟಿಯಾಯಿತು. ತಿದ್ದುಪಡಿ ಪಾಸಾದದ್ದು ಇ.ಎಂ.ಎಸ್. ಅವರ ಎರಡನೇ ಸರಕಾರದಲ್ಲಿ. ಕೆಲವೇ ದಿನಗಳಲ್ಲಿ ಆ ಸರಕಾರ ಬಿತ್ತು. ಜಾರಿಗೆ ತಂದವರು ಸಿಪಿಐನ ಸಿ. ಅಚ್ಯುತ ಮೆನೋನ್. ಪಕ್ಷ 1964ರಲ್ಲೇ ಒಡೆದಿತ್ತಲ್ಲ, ಹೆತ್ತವರು ನಾವು ಎಂದು ಒಬ್ಬರು, ಸಾಕಿದವರು ನಾವು ಎಂದು ಇನ್ನೊಬ್ಬರು ಬಹಳ ಕಾಲ ಜಗಳಾಡಿದರು. ಅಜ್ಜನಿಗೆ ಅದು ಸಂಬಂಧವಿಲ್ಲ. 1970ರ ಜನವರಿ 1ಕ್ಕೆ ಗೇಣಿ ಎಂಬುದೇ ಕಾನೂನಿನಲ್ಲಿ ಇಲ್ಲವಾಯಿತು. ಟ್ರಿಬ್ಯೂನಲ್ ನಿಗದಿ ಮಾಡಿದ ಬೆಲೆಯನ್ನು 16 ವಾರ್ಷಿಕ ಕಂತುಗಳಲ್ಲಿ ಕಟ್ಟಬಹುದಿತ್ತು. ಚಿಕ್ಕಪ್ಪ ಫೋಟೊ ಕಳಿಸಿದ ಕಾಗದ ಅದರದ್ದು. ನಮ್ಮಲ್ಲಿ ಎಲ್ಲರೂ ಅದನ್ನು ಪಟ್ಟೆ ಎಂದೇ ಕರೆಯುವುದು. ಪಟ್ಟೆ ಸಿಕ್ಕಿದ ಮಳೆಗಾಲದಲ್ಲಿ ಅಜ್ಜ ಹದಿನೆಂಟು ತೆಂಗಿನ ಸಸಿ ನೆಟ್ಟರು.

ಈಗ ಗಡಿಯ ಆಚೆ ನೋಡಿ. ತಲಪಾಡಿ ದಾಟಿದರೆ ಅದೇ ಮಣ್ಣು, ಅದೇ ತುಳು, ಅದೇ ಮುಡಿ ಅಕ್ಕಿಯ ಲೆಕ್ಕ. ಬಂಟ್ವಾಳ, ವಿಟ್ಲದ ಒಕ್ಕಲುಗಳಿಗೆ ದೇವರಾಜ ಅರಸರ ತಿದ್ದುಪಡಿ ಬಂದದ್ದು 1974ರ ಮಾರ್ಚಿನಲ್ಲಿ. 1957ರಿಂದ 74ರವರೆಗೆ ಹದಿನೇಳು ವರ್ಷ. ಆ ಹದಿನೇಳು ವರ್ಷಗಳಲ್ಲಿ ಆಚೆಯ ಎಷ್ಟು ಒಕ್ಕಲುಗಳನ್ನು ಎಬ್ಬಿಸಿದರು, ಎಷ್ಟು ಕಡೆ ಗೇಣಿ ಚೀಟಿಯೇ ಕೊಡದೆ ದಾಖಲೆ ಇಲ್ಲದಂತೆ ಮಾಡಿದರು ಎಂಬ ಕತೆಗಳು ದಕ್ಷಿಣ ಕನ್ನಡದ ಮನೆಮನೆಯಲ್ಲಿವೆ. ಕನ್ನಡಕ್ಕೆ ನಷ್ಟವಾದ ಗಡಿಯೇ ನಮ್ಮ ಮನೆಗೆ ಲಾಭವಾಯಿತು. ಇದನ್ನು ಬರೆಯುವುದಕ್ಕೆ ನನಗೆ ಕಷ್ಟವಾಗುತ್ತದೆ, ಆದರೆ ಬರೆಯದಿದ್ದರೆ ಅಜ್ಜನ ಹದಿನೆಂಟು ತೆಂಗಿಗೆ ಅನ್ಯಾಯ.

ಪಕ್ಷ ನಮ್ಮ ಕಡೆಗೆ ಬಂದದ್ದು ದಕ್ಷಿಣದಿಂದ. 1941ರ ಮಾರ್ಚಿನಲ್ಲಿ ಕಯ್ಯೂರಿನಲ್ಲಿ ರೈತರ ಮೆರವಣಿಗೆಗೆ ಸಿಕ್ಕಿಬಿದ್ದ ಪೊಲೀಸನೊಬ್ಬ ಹೊಳೆಗೆ ಹಾರಿ ಸತ್ತ. ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು: ಅಪ್ಪು, ಚಿರುಕಂಡ, ಕುಞಂಬು ನಾಯರ್, ಅಬೂಬಕ್ಕರ್. ನಮ್ಮ ನಿರಂಜನರು ನೀಲೇಶ್ವರದಲ್ಲಿ ಓದಿದವರು. ಅವರ 'ಚಿರಸ್ಮರಣೆ' ಇದೇ ಕತೆ. ನನ್ನ ತಲೆಮಾರಿನ ಕನ್ನಡಿಗರಿಗೆ ಕಯ್ಯೂರು ಗೊತ್ತಿದ್ದರೆ ಅದು ಆ ಕಾದಂಬರಿಯಿಂದಲೇ.

ಆದರೆ ಕಯ್ಯೂರು ಚಂದ್ರಗಿರಿಯಿಂದ ದಕ್ಷಿಣಕ್ಕೆ, ಪೈವಳಿಕೆ ಉತ್ತರಕ್ಕೆ. ಈ ಹೊಳೆ ಬಹಳಷ್ಟನ್ನು ವಿವರಿಸುತ್ತದೆ. ದಕ್ಷಿಣದಲ್ಲಿ ಪಕ್ಷ ಓದುವ ಕೋಣೆಯಾಯಿತು, ಸಹಕಾರಿ ಬ್ಯಾಂಕಾಯಿತು, ಬೀಡಿ ಸಂಘವಾಯಿತು. ಬೀಡಿಯ ಕತೆ ಸ್ವಲ್ಪ ಹೇಳಬೇಕು. 1966ರ ಬೀಡಿ ಕಾರ್ಮಿಕರ ಕಾಯಿದೆಯನ್ನು ಕೇರಳ ಸರಕಾರ ಜಾರಿ ಮಾಡಿದಾಗ ಮಂಗಳೂರಿನ ದೊಡ್ಡ ಕಂಪೆನಿಗಳು ಮಲಬಾರಿನ ತಮ್ಮ ಶಾಖೆಗಳನ್ನು ಮುಚ್ಚಿದವು. ಸಾವಿರಗಟ್ಟಲೆ ಜನ ಬೀದಿಗೆ ಬಿದ್ದರು. ಅವರೇ ಸೇರಿ 1969ರಲ್ಲಿ ಸರಕಾರದ ನೆರವಿನಿಂದ ದಿನೇಶ್ ಬೀಡಿ ಸಹಕಾರಿ ಸಂಘ ಕಟ್ಟಿದರು. ಕೆಲಸ ನಡೆಯುವಾಗ ಒಬ್ಬ ಪತ್ರಿಕೆ ಓದುತ್ತಾನೆ, ಉಳಿದವರು ಕೇಳುತ್ತ ಕಟ್ಟುತ್ತಾರೆ. ಓದುವವನ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟಿಕೊಡುತ್ತಾರೆ. ಬೀಡಿ ಸೇದುವವರು ಕಡಿಮೆಯಾದ ಮೇಲೆ ಅದೇ ಸಂಘ ತೆಂಗಿನ ಹಾಲು, ಕರಿ ಪುಡಿ, ಕೊಡೆ ಮಾಡಿತು, ಕೊನೆಗೆ ಐಟಿ ಘಟಕವನ್ನೂ ತೆರೆಯಿತು. ಹದಿನೈದು ವರ್ಷ ಈ ಉದ್ಯಮದಲ್ಲಿದ್ದೇನೆ, ಬೀಡಿ ಕಟ್ಟುವವರ ಸಾಫ್ಟ್‌ವೇರ್ ಕಂಪೆನಿ ಎಂಬುದನ್ನು ನೆನೆದಾಗಲೆಲ್ಲ ಖುಷಿಯಾಗುತ್ತದೆ.

ನಮ್ಮ ಕಡೆ ಹಾಗಾಗಲಿಲ್ಲ. ಅಮ್ಮ ಬೀಡಿ ಕಟ್ಟಿದ್ದು ಮನೆಯ ಜಗಲಿಯಲ್ಲಿ, ಒಬ್ಬಳೇ. ಎಲೆ, ಹೊಗೆಸೊಪ್ಪು ಮಂಗಳೂರಿನಿಂದ ಬರುತ್ತಿತ್ತು, ಬ್ರಾಂಚಿನವನು ಎಣಿಸಿ ಕೊಂಡೊಯ್ಯುತ್ತಿದ್ದ. ಪತ್ರಿಕೆ ಓದಿ ಹೇಳುವವರು ಯಾರೂ ಇರಲಿಲ್ಲ, ರೇಡಿಯೊದಲ್ಲಿ ಮಂಗಳೂರು ಆಕಾಶವಾಣಿ ಇತ್ತು. ಉತ್ತರದಲ್ಲಿ ಪಕ್ಷ ಜನರಿಗೆ ಕಾನೂನು ಕೊಟ್ಟಿತು. ಅದರಾಚೆಗೆ ದಿನದಿನದ ಬದುಕಿನೊಳಗೆ ಹೆಚ್ಚೇನೂ ಇಳಿಯಲಿಲ್ಲ. ಇದು ನನ್ನ ಅಂದಾಜು. ಊರಿನ ಹಳೆಯ ಸಂಗಾತಿಗಳು ಒಪ್ಪಲಿಕ್ಕಿಲ್ಲ.

ಆದರೂ ಕಾನೂನಿನ ಋಣ ಒಂದು ತಲೆಮಾರಿನವರೆಗೆ ನಡೆಯಿತು. ಕರ್ನಾಟಕ ಸಮಿತಿಯ ಕೈಯಲ್ಲಿದ್ದ ಮಂಜೇಶ್ವರ 1970ರಲ್ಲಿ ಸಿಪಿಐಯ ಎಂ. ರಾಮಪ್ಪನವರಿಗೆ ಒಲಿಯಿತು. 77ರಲ್ಲೂ ಅವರೇ. 1980 ಮತ್ತು 82ರಲ್ಲಿ ಡಾ. ಎ. ಸುಬ್ಬರಾವ್. ಇ.ಕೆ. ನಾಯನಾರ್ ಅವರ ಮೊದಲ ಮಂತ್ರಿಮಂಡಲದಲ್ಲಿ ಅವರು ನೀರಾವರಿ ಮಂತ್ರಿಯಾದರು. ನಮ್ಮ ಭಾಷೆಯ ಮನುಷ್ಯ ತಿರುವನಂತಪುರದಲ್ಲಿ ಮಂತ್ರಿ! ಲೋಕಸಭೆಗೂ ಕಾಸರಗೋಡಿನಿಂದ 57, 62, 67ರಲ್ಲಿ ಎ.ಕೆ. ಗೋಪಾಲನ್, ಆಮೇಲೆ 80, 89, 91ರಲ್ಲಿ ನಮ್ಮವರೇ ಆದ ಎಂ. ರಾಮಣ್ಣ ರೈ. ಚಿಕ್ಕಪ್ಪ ಆಗ ಇಪ್ಪತ್ತರ ಹುಡುಗ. ಸುಬ್ಬರಾಯರ ಚುನಾವಣೆಗೆ ಮೈದಾ ಅಂಟು ಕಾಯಿಸಿ, ತೆನೆ-ಕುಡುಗೋಲಿನ ಪೋಸ್ಟರ್ ಅಂಟಿಸಿಕೊಂಡು ರಾತ್ರಿಯೆಲ್ಲ ತಿರುಗಿದವರು.

ಕ್ಷೇತ್ರ 1987ರಲ್ಲಿ ಕೈಬಿಟ್ಟಿತು. ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ ಗೆದ್ದರು, ಬಿಜೆಪಿ ಎರಡನೆಯದಾಯಿತು. ಮತ್ತೆ 2006ರಲ್ಲಿ ಒಂದು ಸಲ ಸಿಪಿಐ(ಎಂ)ನ ಸಿ.ಎಚ್. ಕುಞಂಬು ಬಂದದ್ದು ಬಿಟ್ಟರೆ ಅಲ್ಲಿಂದ ಇಲ್ಲಿಯವರೆಗೆ ಮಂಜೇಶ್ವರ ಎಂದರೆ ಲೀಗ್ ಮತ್ತು ಬಿಜೆಪಿ. 2016ರಲ್ಲಿ ಅಂತರ 89 ಮತ. 2021ರಲ್ಲಿ 745. ಎರಡು ಸಲವೂ ಎಡಪಕ್ಷ ಮೂರನೆಯದು, ನಲವತ್ತು ಸಾವಿರಕ್ಕೂ ಹೆಚ್ಚು ಮತ ಇಟ್ಟುಕೊಂಡು ಮೂರನೆಯದು. ಅದೇ 2021ರಲ್ಲಿ ಇಡೀ ಕೇರಳದಲ್ಲಿ ಎಡರಂಗ 140ರಲ್ಲಿ 99 ಗೆದ್ದು, ನಾಲ್ಕು ದಶಕಗಳ ಅದಲು ಬದಲು ಮುರಿದು ಮರಳಿ ಅಧಿಕಾರಕ್ಕೆ ಬಂದಿತ್ತು.

ಏಪ್ರಿಲಿನಲ್ಲಿ ಘಣಸೋಲಿಯಿಂದ ಪನ್ವೇಲ್ ಲೋಕಲ್ ಹಿಡಿದು, ಅಲ್ಲಿಂದ ಮತ್ಸ್ಯಗಂಧ ಹತ್ತಿ ಊರಿಗೆ ಹೋದೆ. ಲೋಕಸಭೆ ಚುನಾವಣೆಯ ವಾರ. ನನ್ನ ಓಟು ಐರೋಲಿಯಲ್ಲಿದೆ, ಹೋದದ್ದು ಜಾಗದ ಮಾತಿಗೆ. ಚಿಕ್ಕಪ್ಪನೊಂದಿಗೆ ತೋಟದಲ್ಲಿ ತಿರುಗುತ್ತ ಕೇಳಿಯೇ ಬಿಟ್ಟೆ: ನೀವೆಲ್ಲ ಪಕ್ಷ ಬಿಟ್ಟದ್ದು ಯಾವಾಗ? (ಮಾತು ನಡೆದದ್ದು ತುಳುವಿನಲ್ಲಿ.)

"ಬಿಟ್ಟದ್ದೆಂತ? ಯಾರೂ ಬಿಡಲಿಲ್ಲ. ಪಟ್ಟೆ ಸಿಕ್ಕಿದ ಮೇಲೆ ಅವರ ಹತ್ತಿರ ಕೇಳಲಿಕ್ಕೆ ನಮಗೆ ಎಂತ ಇತ್ತು ಹೇಳು. ಮತ್ತೆ ನಾವೇ ಆಳು ಕರೆಯುವವರಾದೆವಲ್ಲ. ಸಂಬಳ ಜಾಸ್ತಿ ಮಾಡಿ ಅಂತ ಯೂನಿಯನಿನವರು ನಮ್ಮ ಅಂಗಳಕ್ಕೇ ಬಂದರು. ಅಪ್ಪನಿಗೆ ಅದು ಅರ್ಥವೇ ಆಗಲಿಲ್ಲ. 'ನಾನೂ ಕೆಂಬಾವುಟದವನೇ' ಅಂತ ಹೇಳಿದರು. ಅವರು ನಕ್ಕರು."

"ಭಾಷೆ?"

"ಅದೂ ಉಂಟು. ರಾಮಪ್ಪ, ಸುಬ್ಬರಾಯರು ಇರುವಾಗ ಕನ್ನಡ-ತುಳುವಿನಲ್ಲಿ ಮಾತಾಡುತ್ತಿದ್ದರು. ಮತ್ತೆ ಮೇಲಿನಿಂದ ಬರುವ ಕಾಗದ ಎಲ್ಲ ಮಲಯಾಳ. ಮೀಟಿಂಗಿನಲ್ಲಿ ಕೂತರೆ ಅರ್ಧ ತಿಳಿಯುವುದಿಲ್ಲ. 2017ರಲ್ಲಿ ಶಾಲೆಯಲ್ಲಿ ಮಲಯಾಳ ಕಡ್ಡಾಯ ಅಂತ ಕಾನೂನು ಬಂತಲ್ಲ, ಅದು ಯಾರ ಸರಕಾರದ್ದು?"

2016ರ 89 ಮತಗಳ ಮಾತು ತೆಗೆದೆ. ಅವರು ಬಿದ್ದ ಅಡಿಕೆ ಹೆಕ್ಕಲು ಬಗ್ಗಿದರು. "ಲೀಗಿಗೆ ಹೆದರಿದವರು ಆಚೆ ಹೋದರು, ಬಿಜೆಪಿಗೆ ಹೆದರಿದವರು ಈಚೆ ಹೋದರು. ಹೆದರದವರು ಕಮ್ಯುನಿಸ್ಟಿಗೆ ಹಾಕಿದರು. ನಾನು ಯಾವುದರಲ್ಲಿ ಇದ್ದೆ ಅಂತ ನಿನಗೆ ಯಾಕೆ ಮಾರಾಯ?"

ಅವರ ಮಾತಿನಲ್ಲಿ ಭಾಷೆಗಿಂತ ಮೊದಲನೆಯ ಉತ್ತರವೇ ನನಗೆ ದೊಡ್ಡದಾಗಿ ಕಂಡಿತು. ನಾವು ಕಾಸರಗೋಡಿನವರು ಎಲ್ಲವನ್ನೂ ಭಾಷೆಯ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತೇವೆ. ಮಲಯಾಳ ಹೇರಿಕೆ ನಿಜ, ಅದರ ಬಿಸಿ ನನ್ನ ಶಾಲೆಯ ಮಕ್ಕಳಿಗೆ ಈಗಲೂ ತಟ್ಟುತ್ತಿದೆ. ಆದರೆ 1987ರಲ್ಲಿ ಆ ಕಾನೂನು ಇರಲಿಲ್ಲ. ಆಗಲೇ ಒಕ್ಕಲು ಹೋಗಿ ಧಣಿಯಾಗಿದ್ದ, ಅವನ ಮಕ್ಕಳು ಮುಂಬಯಿಯ ಹೋಟೆಲಿಗೂ ಗಲ್ಫಿಗೂ ಹೊರಟಿದ್ದರು. "ಭೂಮಿ ಯಾರದು" ಎಂದು ಕೇಳುವಷ್ಟು ದಿನ ಪಕ್ಷದ ಹತ್ತಿರ ಉತ್ತರವಿತ್ತು. ಪ್ರಶ್ನೆ "ನೀನು ಯಾರವನು" ಎಂದಾದಾಗ ಬೇರೆಯವರ ಹತ್ತಿರ ಉತ್ತರ ಸಿದ್ಧವಿತ್ತು. 2019ರಲ್ಲಿ ಕಾಸರಗೋಡು ಲೋಕಸಭಾ ಸ್ಥಾನವೂ ಮೂವತ್ತು ವರ್ಷಗಳ ಬಳಿಕ ಕಾಂಗ್ರೆಸ್ಸಿಗೆ ಹೋಯಿತು. 2024ರಲ್ಲಿ ಅಂತರ ಲಕ್ಷ ದಾಟಿತು.

ನನ್ನ ಪಕ್ಕದ ಮೇಜಿನವನು ಬರ್ಧಮಾನದ ಬಂಗಾಳಿ. ಅವನಿಗೆ ಇದೆಲ್ಲ ಹೇಳಿದಾಗ ಹೊಟ್ಟೆಕಿಚ್ಚಿನಿಂದ ಕೇಳಿದ. ಅವರಲ್ಲಿ 1977ರಿಂದ 2011ರವರೆಗೆ ಮೂವತ್ತನಾಲ್ಕು ವರ್ಷ ಒಂದೇ ರಂಗ. ಆಪರೇಷನ್ ಬರ್ಗಾದಲ್ಲಿ ಪಾಲುಗಾರರ ಹೆಸರು ದಾಖಲೆಗೆ ಬಂತು, ಬೆಳೆಯ ಪಾಲು ಗಟ್ಟಿಯಾಯಿತು. ಭೂಮಿ ಮಾತ್ರ ಅವರದಾಗಲಿಲ್ಲ. ಹೀಗಾಗಿ ಬೀಜಕ್ಕೆ, ಜಗಳಕ್ಕೆ, ಮದುವೆಗೆ ಎಲ್ಲದಕ್ಕೂ ಪಕ್ಷದ ಕಚೇರಿಯ ಬಾಗಿಲೇ ಎನ್ನುವುದು ಅವನ ವಾದ. ಕೊನೆಗೆ ಸಿಂಗೂರು, ನಂದಿಗ್ರಾಮ. 2011ರಲ್ಲಿ ಮುಖ್ಯಮಂತ್ರಿ ಬುದ್ಧದೇವ ಭಟ್ಟಾಚಾರ್ಯರೇ ತಮ್ಮ ಜಾಧವಪುರದಲ್ಲಿ ಸೋತರು, 2021ರಲ್ಲಿ ವಿಧಾನಸಭೆಯಲ್ಲಿ ಪಕ್ಷಕ್ಕೆ ಒಂದು ಸ್ಥಾನವೂ ಇಲ್ಲ. "ನಿಮ್ಮಜ್ಜನಿಗೆ ಪಟ್ಟೆ ಕೊಟ್ಟು ಕಳಿಸಿದರು, ನಮ್ಮವನನ್ನು ಕೈಹಿಡಿದು ನಿಲ್ಲಿಸಿಕೊಂಡರು" ಎಂದ. ಅವನ ಮಾತು ಪೂರ್ತಿ ನ್ಯಾಯವಲ್ಲ, ಆದರೆ ತಳ್ಳಿಹಾಕುವಂಥದೂ ಅಲ್ಲ.

ಇಲ್ಲಿ ಘಣಸೋಲಿಯಲ್ಲೂ ಇದರ ಒಂದು ತುಣುಕಿದೆ. ನಾನಿರುವ ಕಟ್ಟಡ 'ಸಾಡೇಬಾರಾ ಟಕ್ಕೆ' ಪ್ಲಾಟಿನದು. ಸಿಡ್ಕೊ ನವಿ ಮುಂಬಯಿಗಾಗಿ 95 ಹಳ್ಳಿಗಳ ಭೂಮಿ ತೆಗೆದುಕೊಂಡಾಗ ಶೇತ್ಕರಿ ಕಾಮಗಾರ್ ಪಕ್ಷದ ದಿ.ಬಾ. ಪಾಟೀಲರು ಆಗ್ರಿ-ಕೋಳಿ ರೈತರನ್ನು ಕಟ್ಟಿ ನಿಂತರು. 1984ರ ಜನವರಿಯಲ್ಲಿ ಜಾಸಯಿ ಕಡೆ ಗೋಲೀಬಾರಿನಲ್ಲಿ ಐದು ಜನ ಸತ್ತರು. ಅದರ ಫಲವಾಗಿ ಬಂದದ್ದು ಭೂಮಿ ಕಳೆದುಕೊಂಡವರಿಗೆ ಹನ್ನೆರಡೂವರೆ ಶೇಕಡಾ ಅಭಿವೃದ್ಧಿ ಹೊಂದಿದ ಜಾಗ. ಆ ಪಕ್ಷದ್ದೂ ಕೆಂಬಾವುಟವೇ. ಪನ್ವೇಲ್, ಉರಣ್ ಅದರ ಕೈತಪ್ಪಿ ವರ್ಷಗಳಾದವು. ವಿಮಾನ ನಿಲ್ದಾಣಕ್ಕೆ ಪಾಟೀಲರ ಹೆಸರಿಡಬೇಕೆಂದು 2021ರಲ್ಲಿ ಜನ ಕಿಲೋಮೀಟರುಗಟ್ಟಲೆ ಕೈಹಿಡಿದು ನಿಂತಿದ್ದರು, ನಮ್ಮ ಮನೆ ಮಾಲೀಕರೂ ಇದ್ದರು. ಅವರು ಓಟು ಹಾಕುವುದು ಬೇರೆ ಪಕ್ಷಕ್ಕೆ.

ಮತ್ತೆ ಜಾಗದ ಮಾತಿಗೆ. ಇಷ್ಟರಲ್ಲಿ ಒಂದು ಮನೆಯ ವಿಷಯ ಹೇಳದೆ ಬಿಟ್ಟಿದ್ದೇನೆ. ನಮ್ಮ ತೋಟದ ಹಿಂದೆ, ಗುಡ್ಡದ ಮೇಲಿನ ಮುರಕಲ್ಲಿನ ಬದಿ, ಒಂದು ಮನೆಯಿದೆ. ಅಜ್ಜನ ಗದ್ದೆಯಲ್ಲಿ ಕೂಲಿಗೆ ಬರುತ್ತಿದ್ದವರದ್ದು. ಅದೇ ಕಾನೂನು ಗೇಣಿದಾರನಿಗೆ ಇಡೀ ಜಾಗ ಕೊಟ್ಟಿತು, ಕೂಲಿಯವನಿಗೆ ಗುಡಿಸಲು ಮತ್ತು ಅದರ ಸುತ್ತ ಹೆಚ್ಚೆಂದರೆ ಹತ್ತು ಸೆಂಟ್ಸ್. ಕೇರಳದ ಭೂಸುಧಾರಣೆಯ ಬಗ್ಗೆ ಇರುವ ದೊಡ್ಡ ದೂರು ಇದೇ. ನಿಜವಾಗಿ ಉತ್ತವನಿಗೆ ಸಿಕ್ಕಿದ್ದು ಅಂಗಳ. ಆ ಮನೆಯವರು ಮೂರನೇ ತಲೆಮಾರಿನಲ್ಲೂ ಅದೇ ಹತ್ತು ಸೆಂಟ್ಸಿನಲ್ಲಿದ್ದಾರೆ. ಏಪ್ರಿಲಿನಲ್ಲಿ ನೋಡಿದಾಗ ಅವರ ಮಾಡಿನ ಮೇಲೆ ಬಿದಿರಿನ ಕೋಲಿಗೆ ಕಟ್ಟಿದ ಕೆಂಬಾವುಟ ಇತ್ತು. ಇಡೀ ಬೈಲಿನಲ್ಲಿ ನನಗೆ ಕಂಡದ್ದು ಅದೊಂದೇ.

ಅವರಿಗೆ ರಸ್ತೆಗೆ ಇಳಿಯಲು ಇರುವ ದಾರಿ ನಮ್ಮ ತೋಟದ ನಡುವಿನದು. ಕಾಗದದಲ್ಲಿಲ್ಲ. ಅಜ್ಜನ ಕಾಲದಿಂದ ನಡೆದು ನಡೆದು ಆದದ್ದು. ಜಾಗ ಕೊಳ್ಳುವವರು ಸುತ್ತ ಕಾಂಪೌಂಡು ಹಾಕುತ್ತಾರಂತೆ. ದಾರಿಯನ್ನು ಕರಾರಿನಲ್ಲಿ ಬರೆಸಬೇಕು ಎಂದು ಚಿಕ್ಕಪ್ಪನಿಗೆ ಹೇಳಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ತೆಂಗು ಹತ್ತುವವರು ಸಿಗುವುದಿಲ್ಲ, ಮೊಣಕಾಲು ನೋವು, ಮಗನ ಹತ್ತಿರ ಮಂಗಳೂರಿಗೆ ಹೋಗಬೇಕೆಂದಿದ್ದಾರೆ. ಅವರ ಅವಸರ ನನಗೂ ಅರ್ಥವಾಗುತ್ತದೆ. "ದಾರಿ ಬಿಟ್ಟರೆ ಸೆಂಟ್ಸಿಗೆ ಕಡಿಮೆ ಮಾಡುತ್ತಾರೆ, ಗೊತ್ತುಂಟಲ್ಲ?" ಎಂದರು. ಗೊತ್ತುಂಟು ಎಂದೆ. ಕಡಿಮೆಯಾದದ್ದನ್ನು ನನ್ನ ಪಾಲಿನಲ್ಲಿ ಹಿಡಿಯಿರಿ ಎಂದೂ ಹೇಳಿದೆ. ಮುಂಬಯಿಯ ಸಂಬಳದ ಮಾತು ಎಂದುಕೊಂಡರೇನೋ.

ವಾಪಸು ಬಂದ ಮೇಲೆ ಎರಡು ಸಲ ಫೋನು ಮಾಡಿದೆ. ದಾರಿಯ ಗೆರೆ ಸೇರಿಸಿ ಹೊಸ ಕರಡು ಮಾಡಿಸಲು ವಕೀಲರಿಗೆ ಹೇಳಿದ್ದಾರಂತೆ. ಸಾಧ್ಯವಾದರೆ ಕನ್ನಡದಲ್ಲೂ ಒಂದು ಪ್ರತಿ ಎಂದು ಕೇಳಿಕೊಂಡೆ. ನೋಡುವ ಎಂದರು. ಜೂನ್ ಕಳೆಯಿತು, ಪಿಡಿಎಫ್ ಬಂದಿಲ್ಲ. ಮೊನ್ನೆ ಬೇರೆ ಏನೋ ಮಾತಿಗೆ ಫೋನು ಮಾಡಿದವರು ಇಡುವ ಮುಂಚೆ ನೆನಪಾದವರಂತೆ ಹೇಳಿದರು: "ಗಾಳಿಮಳೆಗೆ ಅಪ್ಪನ ತೆಂಗಿನಲ್ಲಿ ಎರಡು ಬಿತ್ತು. ದಾರಿಗೇ ಅಡ್ಡ ಬಿದ್ದಿತ್ತು. ಮೇಲಿನ ಮನೆಯ ಹುಡುಗರೇ ಬಂದು ಕಡಿದು ಬದಿಗೆ ಹಾಕಿದರು."